ಗುಂಟೆ ಗೊತ್ತಿದ್ದರೆ ವರ್ಗಮೂಲ ಸುಲಭ

ನಮ್ಮ ಗಂಗಾವತಿ ಕಡೆಯ ಮಕ್ಕಳು ಗದ್ದೆಯ ಬದುವಿನ ಮೇಲೆ ಓಡಾಡಿ ಬೆಳೆದವರು. ಅದಕ್ಕೇ ವರ್ಗಮೂಲದ ಪಾಠವನ್ನು ನಾನು ಗುಂಟೆಯಿಂದಲೇ ಶುರು ಮಾಡುತ್ತೇನೆ.

ಒಂದು ಗುಂಟೆ ಎಂದರೆ 1089 ಚದರ ಅಡಿ. ಅದು ಚೌಕವಾಗಿದ್ದರೆ ಒಂದು ಬದಿ √1089, ಅಂದರೆ ಸರಿಯಾಗಿ 33 ಅಡಿ. ಎಷ್ಟು ಚೆಂದ ಅಲ್ವಾ? ಹಾಗಾದರೆ 8 ಗುಂಟೆಯ ಚೌಕ ಸಸಿಮಡಿಯ ಬದಿ 33√8 ಅಡಿ.

ಈಗ √8 ಬಿಡಿಸಿ. 4, 9, 16, 25, 36 ಇವೆಲ್ಲ ಪೂರ್ಣ ವರ್ಗಗಳು. 8ರೊಳಗೆ ಇವುಗಳಲ್ಲಿ ಯಾವುದಿದೆ ನೋಡಿ. 8 = 4 × 2. ನಾಲ್ಕು 2 ಆಗಿ ಹೊರಗೆ ಬರುತ್ತದೆ, ಉಳಿದ 2 ಒಳಗೇ ಇರುತ್ತದೆ. √8 = 2√2. ಬದಿ 66√2 ಅಡಿ ಆಯಿತು.

ಹುಡುಕುವಾಗ ದೊಡ್ಡ ವರ್ಗವನ್ನೇ ಹುಡುಕಿ. √72ನ್ನು 9 × 8 ಎಂದು ಒಡೆದರೆ 3√8 ಬರುತ್ತದೆ, ಅದನ್ನು ಮತ್ತೆ ಬಿಡಿಸಬೇಕು. 36 × 2 ಎಂದರೆ ಒಂದೇ ಏಟಿಗೆ 6√2. ಹೊಳೆಯದಿದ್ದರೆ 2 × 2 × 2 × 3 × 3 ಎಂದು ಪೂರ್ತಿ ಒಡೆಯಿರಿ. ಒಂದೊಂದು ಜೋಡಿಯಿಂದ ಒಂದೊಂದು ಹೊರಗೆ.

ಜಾಸ್ತಿ ಮಕ್ಕಳು ಎಡವುವುದು ಕೂಡುವಾಗ. ಹತ್ತನೇ ತರಗತಿಯ ಹುಡುಗಿಯೊಬ್ಬಳು √2 + √8 = √10 ಎಂದು ಬರೆದಳು. ಸೀಮೆಸುಣ್ಣ ಕೊಟ್ಟು ನೆಲದ ಮೇಲೆ ಎರಡು ಚೌಕ ಬರೆಸಿದೆ, ಒಂದು 2 ಗುಂಟೆಯದು, ಪಕ್ಕದಲ್ಲೇ 8 ಗುಂಟೆಯದು. ಎರಡರ ಬದಿ ಸೇರಿದರೆ 33√2 + 66√2 = 99√2, ಸುಮಾರು 140 ಅಡಿ. ಅವಳ ಲೆಕ್ಕದಲ್ಲಿ 33√10, ಸುಮಾರು 104 ಅಡಿ ಮಾತ್ರ. ಸ್ವಲ್ಪ ಹೊತ್ತು ನೋಡುತ್ತಾ ಕೂತವಳು, "ಸರ್, ನಾನು ಎರಡೂ ಮಡಿ ಒಡೆದು 10 ಗುಂಟೆಯ ಒಂದೇ ಮಡಿ ಮಾಡಿಬಿಟ್ಟೆ" ಎಂದಳು. ನಾನು ಹೇಳಬೇಕಿದ್ದದ್ದೂ ಅದೇ. ಬೇರೆ ಬೇರೆ ಮೂಲದೊಳಗಿನ ಸಂಖ್ಯೆಗಳನ್ನು ಕೂಡುವ ಹಾಗಿಲ್ಲ. ಮೊದಲು ಬಿಡಿಸಿ, ಒಳಗಿನದು ಒಂದೇ ಆದರೆ ಹೊರಗಿನದನ್ನು ಕೂಡಿ. √2 + √3 ಬಂದರೆ ಹಾಗೇ ಬಿಡಿ.

ಗುಣಾಕಾರಕ್ಕೆ ಈ ತೊಂದರೆ ಇಲ್ಲ. √2 × √8 = √16 = 4. ಛೇದದಲ್ಲಿ ಮೂಲ ಇದ್ದರೆ ಮೇಲೆ ಕೆಳಗೆ ಅದರಿಂದಲೇ ಗುಣಿಸಿ: 6/√2 = 6√2/2 = 3√2. ಅಕ್ಷರಗಳಿಗೂ ಜೋಡಿಯ ಲೆಕ್ಕವೇ. ಕ ಸೊನ್ನೆಗಿಂತ ಕಡಿಮೆ ಇಲ್ಲದಿದ್ದರೆ √(50ಕ³) = 5ಕ√(2ಕ).

ಇನ್ನು ಒಂದು ಎಕರೆ, ಅಂದರೆ 40 ಗುಂಟೆ. ಚೌಕವಾಗಿದ್ದರೆ ಅದರ ಬದಿ ಎಷ್ಟು? ಮೊದಲು ನೀವೇ ಬಿಡಿಸಿ. 66√10 ಬಂತಾ? ಸುಮಾರು 208.7 ಅಡಿ.