ವರ್ಷಕ್ಕೆ ಶೇ. 2ರ ಹೊಳಪನ್ನು ಅಳೆಯಲು ಹೋಗಿ

ನಮ್ಮ ಆಕಾಶಗಂಗೆಯಲ್ಲಿ ಈವರೆಗೆ ಸಿಕ್ಕಿರುವ ಸೂಪರ್‌ನೋವಾ ಅವಶೇಷಗಳಲ್ಲಿ (ಸ್ಫೋಟಿಸಿದ ನಕ್ಷತ್ರಗಳ ಉಳಿಕೆಗಳಲ್ಲಿ) ಅತಿ ಕಿರಿಯದು ಜಿ1.9+0.3. ಅದರ ವಯಸ್ಸು ನೂರರಿಂದ ನೂರೈವತ್ತು ವರ್ಷ ಇದ್ದೀತು. ಆಗ ಟೆಲಿಸ್ಕೋಪುಗಳಿಗೇನೂ ಬರವಿರಲಿಲ್ಲ, ಆದರೂ ಸ್ಫೋಟ ಯಾರ ಕಣ್ಣಿಗೂ ಬೀಳಲಿಲ್ಲ. ಗ್ಯಾಲಕ್ಸಿಯ ಕೇಂದ್ರದ ಕಡೆಯ ಧೂಳು ಬೆಳಕನ್ನೆಲ್ಲ ನುಂಗಿಬಿಟ್ಟಿತ್ತು. ರೇಡಿಯೊ ಅಲೆಗಳಿಗೆ ಆ ಧೂಳು ಲೆಕ್ಕಕ್ಕೇ ಇಲ್ಲ. 1985ರಲ್ಲಿ ಅಮೆರಿಕದ ವಿಎಲ್‌ಎ ರೇಡಿಯೊ ಟೆಲಿಸ್ಕೋಪು ತೆಗೆದ ಚಿತ್ರದ ಪಕ್ಕ 2008ರದ್ದನ್ನು ಇಟ್ಟು ನೋಡಿದಾಗ ಅವಶೇಷದ ಉಂಗುರ ಶೇ. 15ರಷ್ಟು ಹಿಗ್ಗಿತ್ತು.

ನನ್ನ ತಲೆ ಕೊರೆದದ್ದು ಹಿಗ್ಗಿದ್ದಲ್ಲ, ಹೊಳಪು. ಕ್ಯಾಸಿಯೋಪಿಯಾ-ಎ ಅವಶೇಷ ವರ್ಷ ವರ್ಷ ಮಂಕಾಗುತ್ತಿದೆ. ಇದು ಮಾತ್ರ ವರ್ಷಕ್ಕೆ ಶೇ. 1ರಿಂದ 2ರಷ್ಟು ಏರುತ್ತಿದೆ. ಆಘಾತದ ಅಲೆ ಇನ್ನೂ ಎಲೆಕ್ಟ್ರಾನುಗಳಿಗೆ ವೇಗ ಕೊಡುತ್ತಲೇ ಇದೆ ಎಂದರ್ಥ.

ನಾನು ಅಳೆದದ್ದು ಪುಣೆ ಜಿಲ್ಲೆಯ ಖೊಡದ್‌ನ ರೇಡಿಯೊ ಟೆಲಿಸ್ಕೋಪು ಜಿಎಂಆರ್‌ಟಿಯಲ್ಲಿ. 45 ಮೀಟರಿನ 30 ಡಿಶ್‌ಗಳು, 25 ಕಿ.ಮೀ. ಹರಡಿಕೊಂಡಿವೆ. ಧನು ರಾಶಿಯಲ್ಲಿರುವ ಈ ಅವಶೇಷ ಅಲ್ಲಿ 44 ಡಿಗ್ರಿಗಿಂತ ಮೇಲೇರುವುದಿಲ್ಲ. ರಾತ್ರಿಯ ಹೆಚ್ಚು ಹೊತ್ತು ಸಿಗುವುದು ಮಳೆಗಾಲಕ್ಕೆ ಮುಂಚಿನ ತಿಂಗಳುಗಳಲ್ಲಿ, ಗಾಳಿ ಜೋರಾದರೆ ಆಪರೇಟರ್ ಡಿಶ್‌ಗಳನ್ನೆಲ್ಲ ನೆತ್ತಿಗೆ ತಿರುಗಿಸಿ ನಿಲ್ಲಿಸುತ್ತಾರೆ. ಆ ರಾತ್ರಿ ಹೋದ ಹಾಗೆಯೇ.

ನಿಜವಾದ ತಲೆನೋವು ಬೇರೆ. ಹೊಳಪಿನ ಅಳತೆಗೋಲಾಗಿ ಬಳಸುವ ದೂರದ ರೇಡಿಯೊ ಮೂಲ 3ಸಿ 286 ಇರುವುದು ಹಿನ್ನೆಲೆ ತಣ್ಣಗಿರುವ ಆಕಾಶದಲ್ಲಿ. ಅಲ್ಲಿಂದ ಗ್ಯಾಲಕ್ಸಿ ಕೇಂದ್ರದತ್ತ ತಿರುಗಿದರೆ ಹಿನ್ನೆಲೆಯೇ ರೇಡಿಯೊದಲ್ಲಿ ಧಗಧಗ. ಸಂಕೇತದ ಮಟ್ಟವನ್ನು ಒಂದೇ ಸಮ ಇಡುವ ಲೆವೆಲ್ ಕಂಟ್ರೋಲ್ ಚಾಲೂ ಇದ್ದರೆ ರಿಸೀವರ್ ತಾನಾಗಿ ಗೇನ್ (ಸಂಕೇತವನ್ನು ಹಿಗ್ಗಿಸುವ ಪ್ರಮಾಣ) ಇಳಿಸುತ್ತದೆ, ಅವಶೇಷ ಇದ್ದದ್ದಕ್ಕಿಂತ ಮಂಕಾಗಿ ಕಾಣುತ್ತದೆ. 408 ಮೆಗಾಹರ್ಟ್ಸ್‌ನ ಹಳೆಯ ಸರ್ವಾಕಾಶ ನಕ್ಷೆಯಿಂದ ಹಿನ್ನೆಲೆಯ ತಾಪ ಲೆಕ್ಕಹಾಕಿ ಸರಿಪಡಿಸಬಹುದು, ಆದರೂ ಐದಾರು ಶೇಕಡಾ ಅನುಮಾನ ಉಳಿದೇ ಉಳಿಯುತ್ತದೆ. ಹುಡುಕುತ್ತಿರುವುದೋ ಎರಡು ಶೇಕಡಾ!

ಅದಕ್ಕೇ ನಾನು ಅವಶೇಷದ ಹೊಳಪನ್ನು ಒಂಟಿಯಾಗಿ ನಂಬುವುದನ್ನು ಬಿಟ್ಟೆ. ಅದೇ ಚಿತ್ರದಲ್ಲಿ ಸುತ್ತ ಕಾಣುವ ಚುಕ್ಕೆಗಳು ಬಹುಪಾಲು ದೂರದ ಗ್ಯಾಲಕ್ಸಿಗಳು. ಗೇನ್ ತಪ್ಪಿದರೆ ಅವೂ ಅಷ್ಟೇ ತಪ್ಪುತ್ತವೆ. ಹಲವನ್ನು ಆರಿಸಿ, ತಾವೇ ಏರಿಳಿಯುವ ಒಂದೆರಡನ್ನು ಕೈಬಿಟ್ಟು, ಉಳಿದವುಗಳ ಜೊತೆ ಅನುಪಾತ ತೆಗೆದೆ. ಹಳೆಯ ದತ್ತಾಂಶವನ್ನೂ ಹೊಸದನ್ನೂ ಒಂದೇ ಬೇಸ್‌ಲೈನ್ (ಡಿಶ್‌ಗಳ ನಡುವಿನ ಅಂತರ) ವ್ಯಾಪ್ತಿಗೆ ಕತ್ತರಿಸಿ, ಒಂದೇ ಬೀಮಿಗೆ, ಅಂದರೆ ಒಂದೇ ಸೂಕ್ಷ್ಮತೆಗೆ, ತಂದೆ. ಆವರ್ತನವನ್ನೂ ಹೊಂದಿಸಲೇಬೇಕು, ಆವರ್ತನ ಇಳಿದಷ್ಟೂ ಅವಶೇಷ ಹೆಚ್ಚು ಹೊಳೆಯುತ್ತದೆ: 1490 ಮೆಗಾಹರ್ಟ್ಸ್‌ನ ಹಳೆಯ ಚಿತ್ರವನ್ನು 1390ರ ಹೊಸದಕ್ಕೆ ಹಾಗೆಯೇ ಹೋಲಿಸಿದರೆ ಶೇ. 4ರಷ್ಟು ಸುಳ್ಳು ಏರಿಕೆ ಕಾಣುತ್ತದೆ, ಎರಡು ವರ್ಷದ ಬೆಳವಣಿಗೆ ಅಲ್ಲೇ ಹುಟ್ಟಿಬಿಡುತ್ತದೆ!

ಇಷ್ಟಾದ ಮೇಲೆ ಚಿತ್ರದಲ್ಲಿ ಉತ್ತರದ ಅಂಚು ಎದ್ದು ಕಂಡಿತು. ಎಕ್ಸ್-ಕಿರಣದಲ್ಲಿ ಹೊಳೆಯುವುದು ಪೂರ್ವ-ಪಶ್ಚಿಮದ ಎರಡು ಪಕ್ಕಗಳು. ಹಾಗಾಗಿ ಈಗ ಒಟ್ಟು ಹೊಳಪನ್ನು ಬಿಟ್ಟು ಅಂಚನ್ನು ತುಂಡುತುಂಡಾಗಿ ಅಳೆಯುತ್ತಿದ್ದೇನೆ, ಏರಿಕೆ ಎಲ್ಲ ಕಡೆ ಒಂದೇ ಆಗಿರಬೇಕೆಂದೇನಿಲ್ಲ.