ಸಾವನದುರ್ಗದ ಕ್ಯಾಂಪಿನಲ್ಲಿ ಒಂಬತ್ತು ರೇಡಿಯೋ

ಹೋದ ಚಳಿಗಾಲ ನಾವು ಇಪ್ಪತ್ತಾರು ಜನ ಬೆಂಗಳೂರಿನಿಂದ ಹೊರಟು ಸಾವನದುರ್ಗದ ಹತ್ತಿರ ಪರಿಚಯದವರ ಮಾವಿನ ತೋಟದಲ್ಲಿ ಎರಡು ರಾತ್ರಿ ಟೆಂಟ್ ಹಾಕಿದ್ದೆವು. ಅವರಲ್ಲಿ ಹ್ಯಾಮ್ ಲೈಸೆನ್ಸ್, ಅಂದರೆ ಹವ್ಯಾಸಕ್ಕಾಗಿ ರೇಡಿಯೋದಲ್ಲಿ ಮಾತಾಡುವ ಪರವಾನಗಿ, ಇದ್ದವರು ಒಂಬತ್ತು ಮಂದಿ. ರೇಡಿಯೋ ಹೊಂದಿಸುವ ಕೆಲಸ ನನಗೆ ಬಂತು.

ಅದರ ಹಿಂದಿನ ವರ್ಷವೂ ರೇಡಿಯೋ ಒಯ್ದಿದ್ದೆವು. ಆದರೆ ಒಬ್ಬೊಬ್ಬರದು ಒಂದೊಂದು ಫ್ರೀಕ್ವೆನ್ಸಿ. ಕೂಗುವವರೇ ಎಲ್ಲರೂ, ಕೇಳುವವರು ಯಾರೂ ಇಲ್ಲ. ಹಾಗಾಗಿ ಈ ಸಲ ಸೆಟ್ಟುಗಳ ಮಾತಿಗೆ ಮೊದಲು ಒಂದು ತೀರ್ಮಾನ ಮಾಡಿದೆ: ಒಬ್ಬರು ಎಲ್ಲಿಗೂ ಹೋಗದೆ ರೇಡಿಯೋ ಪಕ್ಕದಲ್ಲೇ ಇರಬೇಕು. ಮಂಡಿನೋವಿಂದ ಬೆಟ್ಟ ಹತ್ತಲಾಗದ ನಮ್ಮ ಅಕ್ಕ ಒಬ್ಬರು, ವಿಯು2ರಿಂದ ಶುರುವಾಗುವ ಕಾಲ್‌ಸೈನ್ (ರೇಡಿಯೋದಲ್ಲಿ ಹೇಳುವ ಗುರುತಿನ ಹೆಸರು) ಇರುವ ಹಳೆಯ ಹ್ಯಾಮ್, ಸಂತೋಷದಿಂದ ಒಪ್ಪಿಕೊಂಡರು. ನೆಟ್ ಕಂಟ್ರೋಲ್, ಅಂದರೆ ಎಲ್ಲರನ್ನೂ ಕರೆದು ಮಾತು ನಡೆಸುವವರು, ಅವರೇ. ಉಳಿದವರು ಪ್ರತಿ ಅರ್ಧ ಗಂಟೆಗೊಮ್ಮೆ ಐದು ನಿಮಿಷ ಸೆಟ್ ಆನ್ ಮಾಡಿ ಕಿವಿ ಕೊಡಬೇಕು. ಇದರಿಂದ ಬ್ಯಾಟರಿಯೂ ಎರಡು ದಿನ ಬಂತು.

ಫ್ರೀಕ್ವೆನ್ಸಿ ಆರಿಸುವಾಗ ಒಂದು ಎಚ್ಚರ ಬೇಕು. ಇಂಟರ್ನೆಟ್ಟಿನಲ್ಲಿ ಸಿಗುವ ಕ್ಯಾಂಪಿಂಗ್ ಸಲಹೆಗಳಲ್ಲಿ 146.520 ಎಂದು ಬರೆದಿರುತ್ತದೆ. ಅದು ಅಮೆರಿಕದವರು ಒಬ್ಬರನ್ನೊಬ್ಬರು ಮೊದಲು ಕರೆಯುವ ಕಾಲಿಂಗ್ ಫ್ರೀಕ್ವೆನ್ಸಿ. ನಮ್ಮ ದೇಶದಲ್ಲಿ ಹ್ಯಾಮ್‌ಗಳಿಗೆ ಬಿಟ್ಟ ಈ ಪಟ್ಟಿ, ಎರಡು ಮೀಟರ್ ಬ್ಯಾಂಡ್, 144ರಿಂದ 146 ಮೆಗಾಹರ್ಟ್ಸ್, ಅಲ್ಲಿಗೆ ಮುಗಿಯಿತು. ಕೈಯಲ್ಲಿ ಹಿಡಿಯುವ ಅಗ್ಗದ ಸೆಟ್ಟುಗಳು ಎಲ್ಲಿ ಒತ್ತಿದರೆ ಅಲ್ಲಿ ಟ್ರಾನ್ಸ್‌ಮಿಟ್ ಮಾಡುತ್ತವೆ. ಮಾಡಬಾರದ ಕಡೆ ಮಾಡಿದರೆ ಹೊಣೆ ಲೈಸೆನ್ಸ್ ಇಟ್ಟುಕೊಂಡವರದು. 145.800ರಿಂದ ಮೇಲೆ ಉಪಗ್ರಹಗಳ ಜಾಗ, ಅದನ್ನೂ ಬಿಟ್ಟೆ. 145.500ರಲ್ಲಿ ಕರೆಯುವುದು ರೂಢಿ, ಅಲ್ಲೇ ಹರಟುತ್ತಾ ಕೂರುವುದು ಸರಿಯಲ್ಲ. ನಾವು 145.550 ಇಟ್ಟುಕೊಂಡೆವು, ಗದ್ದಲವಿದ್ದರೆ 145.575. ಎರಡನ್ನೂ ಹೊರಡುವ ಮೊದಲೇ ವಿಜಯನಗರದ ನನ್ನ ಮನೆಯಲ್ಲಿ ಒಂಬತ್ತೂ ಸೆಟ್ಟುಗಳಿಗೆ ಹಾಕಿ, ಎದುರಿಗೇ ಮಾತಾಡಿಸಿ ನೋಡಿದೆ.

ಲೈಸೆನ್ಸ್ ಇಲ್ಲದವರ ಕೈಗೆ ನಮ್ಮ ಸೆಟ್ ಕೊಡಲಿಲ್ಲ. ಮಕ್ಕಳಿಗೆ ಸ್ವಲ್ಪ ಬೇಜಾರಾಯಿತು. ಕೇಳಲು ಅಡ್ಡಿಯಿಲ್ಲ, ಬಟನ್ ಒತ್ತುವ ಹಾಗಿಲ್ಲ ಎಂದು ಹೇಳಿ, ಪ್ರತಿ ತಂಡದಲ್ಲೂ ಒಬ್ಬ ಹ್ಯಾಮ್ ಇರುವಂತೆ ಹಂಚಿದೆ.

ಸೆಟ್ಟಿನ ಜತೆ ಬರುವ ಗಿಡ್ಡ ರಬ್ಬರ್ ಆಂಟೆನಾ ಕಾಡುಗುಡ್ಡದಲ್ಲಿ ಸಾಲದು. ಅದಕ್ಕೆ ಒಂದು ಬಾಲ ಕಟ್ಟಿದೆವು. ಮನೆ ವೈರಿಂಗಿನ ತಂತಿ 49 ಸೆಂಟಿಮೀಟರ್ ಕತ್ತರಿಸಿ, ಒಂದು ತುದಿ ಸುಲಿದು ಉಂಗುರದಂತೆ ಸುತ್ತಿ, ಆಂಟೆನಾ ತಿರುಪುವ ಜಾಗದ ಹೊರಗಿನ ಲೋಹಕ್ಕೆ ಸಿಕ್ಕಿಸಿ ಆಂಟೆನಾ ಬಿಗಿ ಮಾಡುವುದು. ಉಂಗುರ ನಡುವಿನ ಪಿನ್ನಿಗೆ ಮಾತ್ರ ತಾಕಬಾರದು. ತಂತಿ ಕೆಳಗೆ ಜೋತಾಡುತ್ತಿರಲಿ. 145 ಮೆಗಾಹರ್ಟ್ಸ್ ತರಂಗದ ಉದ್ದದ ಸುಮಾರು ಕಾಲು ಭಾಗದ ಅಳತೆ ಇದು. ಕರಕರ ಸದ್ದಿನಲ್ಲಿ ಮುಳುಗಿದ್ದ ದನಿ ಇದರಿಂದ ಮಾತು ತಿಳಿಯುವಷ್ಟು ಮೇಲೆದ್ದಿದ್ದನ್ನು ಅಂದೇ ಕೇಳಿದೆ.

ಶನಿವಾರ ಒಂದು ತಂಡ ಸಾವನದುರ್ಗದ ಕರಿಗುಡ್ಡದ ನೆತ್ತಿಗೆ ಹತ್ತಿತು, ಇನ್ನೊಂದು ಬುಡ ಬಳಸಿಕೊಂಡು ಆಚೆ ಬದಿಗೆ ಹೋಯಿತು. ಆಚೆಯವರು ತೋಟಕ್ಕೆ ಕೇಳಿಸುವುದಿಲ್ಲ, ನಡುವೆ ಇಡೀ ಬಂಡೆಯೇ ಇದೆ. ನೆತ್ತಿಯ ನಂದಿ ಮಂಟಪದಲ್ಲಿ ನಿಂತವರಿಗೆ ಎರಡೂ ಬದಿ ಕೇಳುತ್ತದೆ, ಅವರು ನಡುವೆ ಸುದ್ದಿ ದಾಟಿಸುವುದು ಎಂದು ಮೊದಲೇ ಮಾತಾಗಿತ್ತು. ಹನ್ನೊಂದೂವರೆಗೆ ಅಕ್ಕ ಕರೆದರು. ಉತ್ತರವಿಲ್ಲ. ಮತ್ತೆ ಕರೆದರು. ನನ್ನ ಕೈ ಬೆವರಿತು. ಆಚೆ ತಂಡದಲ್ಲಿ ಇಬ್ಬರು ಮಕ್ಕಳಿದ್ದರು.

ಅಷ್ಟರಲ್ಲಿ ನೆತ್ತಿಯ ಹುಡುಗನ ದನಿಯೇ ಬಂತು: "ಅಕ್ಕಾ, ಯಾರೂ ಮಾತಾಡ್ತಿಲ್ವಲ್ಲ, ಓವರ್." ಅವನು ಹೇಳುವುದು ನಮಗೆ ಸ್ಪಷ್ಟ, ನಾವು ಹೇಳುವುದು ಅವನಿಗಿಲ್ಲ. ಆಗ ಹೊಳೆಯಿತು. ಮೇಲೆ ಹೋದವನು ಬೆಂಗಳೂರಿನ ರಿಪೀಟರ್ (ದನಿ ಹಿಡಿದು ದೂರಕ್ಕೆ ಮತ್ತೆ ಕಳಿಸುವ ಕೇಂದ್ರ) ಸಿಗುತ್ತದೆಯೇ ಎಂದು ನೋಡಲು ಟೋನ್, ಅಂದರೆ ಮಾತಿನ ಜತೆ ಹೋಗುವ ಗುರುತಿನ ಸಣ್ಣ ಸದ್ದು, ಹಾಕಿಕೊಂಡಿದ್ದ. ವಾಪಸ್ ಬರುವಾಗ ಉಳಿಸಿಟ್ಟ ಚಾನೆಲ್ಲಿಗೆ ಹೋಗದೆ 145.550 ಎಂದು ಕೈಯಲ್ಲಿ ಒತ್ತಿದ್ದ. ಕೇಳುವ ಕಡೆಯೂ ಟೋನ್ ಉಳಿದುಬಿಟ್ಟಿತ್ತು, ಹಾಗಿದ್ದರೆ ಆ ಟೋನ್ ಇರುವ ಮಾತು ಮಾತ್ರ ಕೇಳಿಸುತ್ತದೆ. ಟೋನ್ ಇಲ್ಲದ ನಮ್ಮ ಕರೆಗೆ ಅವನ ಸ್ಪೀಕರ್ ಬಾಯಿಯನ್ನೇ ತೆರೆಯುತ್ತಿರಲಿಲ್ಲ. ಐದಾರು ನಿಮಿಷದ ಮೇಲೆ ಟೋನ್ ಇದೆ ಎಂದು ತೋರಿಸುವ, ಪರದೆಯ ಮೂಲೆಯ ಚಿಕ್ಕ 'CT' ಅಕ್ಷರ ಅವನ ಕಣ್ಣಿಗೇ ಬಿತ್ತು. ತೆಗೆದ ಮರುಕ್ಷಣ ಆಚೆ ತಂಡದ ಸುದ್ದಿಯನ್ನೂ ದಾಟಿಸಿದ: ಎಲ್ಲರೂ ಚೆನ್ನಾಗಿದ್ದಾರೆ, ನೆರಳಲ್ಲಿ ಕೂತು ಚಿತ್ರಾನ್ನ ತಿನ್ನುತ್ತಿದ್ದಾರೆ.

ಅಂದು ಮಧ್ಯಾಹ್ನವೇ ಎಲ್ಲರ ಸೆಟ್ಟಿನ ಕೀಪ್ಯಾಡ್ ಲಾಕ್ ಮಾಡಿಸಿದೆ. ರಿಪೀಟರ್ ಬೇಕಾದವರಿಗೆ ಅದನ್ನು ಪ್ರತ್ಯೇಕ ಚಾನೆಲ್ಲಿನಲ್ಲಿ ತುಂಬಿಸಿಕೊಟ್ಟೆ. ಮುಂದಿನ ಸಲ ಇದು ಮನೆಯಲ್ಲೇ ಆಗಬೇಕು.

ಭಾನುವಾರ ಹೊರಡುವ ಹೊತ್ತಿಗೆ ಅಕ್ಕ ಒಬ್ಬೊಬ್ಬರ ಕಾಲ್‌ಸೈನ್ ಕೂಗಿ, ಉತ್ತರ ಬಂದ ಮೇಲೆಯೇ ಲಾಗ್ ಬುಕ್ಕಿನಲ್ಲಿ ಗುರುತು ಹಾಕಿದರು. ಕೊನೆಯ ಗೆರೆ ಅವರ ದುಂಡು ಅಕ್ಷರದಲ್ಲಿದೆ: "10.40. ಎಲ್ಲರೂ ಹೊರಟರು. ಸೆಟ್ ಆಫ್."