ಐದಡಿ ಏಳಿಂಚಿನವನ ವಾಲಿಬಾಲ್ ಲೆಕ್ಕ

ನನ್ನ ಎತ್ತರ ಐದಡಿ ಏಳಿಂಚು. ನೆಟ್ 2.43 ಮೀಟರ್. ಉಳಿದದ್ದು ನಿಮಗೇ ಗೊತ್ತಾಗುತ್ತದೆ. ಆದರೂ ಎಂಟು ವರ್ಷ ಸ್ಮ್ಯಾಶರ್ ಅಂತಲೇ ಹಟ ಹಿಡಿದೆ. ಪುತ್ತೂರು, ಸುಳ್ಯ, ಬೆಳ್ತಂಗಡಿ ಕಡೆಯ ಹೊನಲು ಬೆಳಕಿನ ಪಂದ್ಯಾಟಗಳಿಗೆ ಅತಿಥಿ ಆಟಗಾರ. ರಾತ್ರಿಗೆ 500 ರೂಪಾಯಿ, ಬಸ್ ಚಾರ್ಜು, ಕೋಳಿ ಊಟ. ದೀಪಾವಳಿ ಕಳೆದು ಮಳೆ ಹಿಡಿಯುವವರೆಗೆ ಹೆಚ್ಚೆಂದರೆ 35 ರಾತ್ರಿ. ಬಲ ಮಂಡಿಯ ಆಪರೇಷನ್ನಿಗೆ ಲಕ್ಷದ ಮೇಲೆ ಹೋಯಿತು. ಎಂಟು ವರ್ಷದ ದುಡಿಮೆ ಅಲ್ಲಿಗೆ ಸರಿಹೋಯಿತು.

ಜಿಗಿಯೋದು ಬೇಡ ಅಂದರು ಡಾಕ್ಟರು. ಲಿಬರೋ ಆದೆ, ಅಂದರೆ ಹಿಂದೆ ನಿಂತು ಎದುರಾಳಿ ಹೊಡೆದ ಚೆಂಡನ್ನು ನೆಲಕ್ಕೆ ಬೀಳದಂತೆ ಎತ್ತುವವನು. ‘ಬೇರೆ ಬಣ್ಣದ ಅಂಗಿ ಹಾಕಿ ಉರುಳಾಡಲಿಕ್ಕೆ ಯಾರು ದುಡ್ಡು ಕೊಡ್ತಾರೆ ಮಾರಾಯ?’ ಅಂತ ಗೆಳೆಯರು ನಕ್ಕರು. ಅವರ ಮಾತೂ ಸುಳ್ಳಲ್ಲ. ಸರ್ವ್ ಇಲ್ಲ, ಬ್ಲಾಕ್ ಇಲ್ಲ, ಸ್ಮ್ಯಾಶ್ ಇಲ್ಲ. ಚಪ್ಪಾಳೆ ಎಲ್ಲ ಹೊಡೆದವನಿಗೇ.

ಮೊದಲು ಗೋಡೆಗೆ ದಿನಾ 300 ಅಂಡರ್‌ಹ್ಯಾಂಡ್ ಹಾಕಿದೆ. ಮೂರು ತಿಂಗಳು ದಂಡ. ಗಾಳಿಯಲ್ಲಿ ಓಲಾಡುತ್ತಾ ಬರುವ ಫ್ಲೋಟರ್ ಸರ್ವ್ ಗೋಡೆ ಹಾಕುತ್ತದಾ? ಆಮೇಲೆ ಮಲ್ಪೆಯ ಮರಳಲ್ಲಿ ಟೆನಿಸ್ ಚೆಂಡು ಹಿಡಿಯುವ ಹುಚ್ಚು. ನೀಪ್ಯಾಡ್ ಒಳಗೆ ಮರಳು ತುಂಬಿ ಚರ್ಮ ಸುಲಿದದ್ದೇ ಲಾಭ.

ಕೊನೆಗೆ ಕೈ ಹಿಡಿದದ್ದು ಟಾರ್ಪಾಲು. ಅಡಿಕೆ ಅಂಗಳದ ಹಳೇ ಟಾರ್ಪಾಲನ್ನು ನೆಟ್ ಮೇಲೆ ಇಳಿಬಿಟ್ಟೆ. ಸರ್ವ್ ಮಾಡುವವನ ಕೈ ಕಾಣಬಾರದು, ಚೆಂಡು ದಾಟಿದ ಮೇಲಷ್ಟೇ ಕಾಣಬೇಕು. ಊರಿನ ಕಾಲೇಜು ಹುಡುಗರನ್ನು ಒಂಬತ್ತು ಮೀಟರ್ ಬದಲು ಏಳು ಮೀಟರಿನಿಂದ ಹಾಕಿಸಿದೆ. ಏಸ್ ಬಿದ್ದರೆ, ಅಂದರೆ ಸರ್ವ್ ಎತ್ತಲಾಗದೆ ನೇರ ಪಾಯಿಂಟ್ ಹೋದರೆ, ನಾನು ಐದು ರೂಪಾಯಿ ಕೊಡಬೇಕು. ಮೊದಲ ತಿಂಗಳು 1,800 ಹೋಯಿತು. ಮನೆಯಲ್ಲಿ ಜಗಳ. ನಾಲ್ಕನೇ ತಿಂಗಳಿಗೆ 300ಕ್ಕೆ ಇಳಿಯಿತು. ಟಾರ್ಪಾಲು ತೆಗೆದ ಮೇಲೆ ಎಲ್ಲಿ ನೋಡುತ್ತೇನೆ ಅನ್ನೋದು ಮಾತ್ರ ಹೇಳಲ್ಲ. ಕೈಯನ್ನಂತೂ ಅಲ್ಲ.

ಆದರೆ ಚೆನ್ನಾಗಿ ಎತ್ತಿದರೂ ಕಾಣೋದು ಯಾರಿಗೆ? ಅದಕ್ಕೆ ನೋಟ್‌ಬುಕ್ ಇಟ್ಟೆ. ಸ್ಮ್ಯಾಶಿಗೆ ಚೆಂಡು ಎತ್ತಿಕೊಡುವ ಲಿಫ್ಟರಿಗೆ ನಿಂತಲ್ಲೇ ಚೆಂಡು ಸಿಕ್ಕರೆ 3, ಅವನು ಸ್ವಲ್ಪ ಓಡಿದರೆ 2, ಹೇಗೋ ಬದುಕಿದರೆ 1, ಏಸ್ ಆದರೆ ಸೊನ್ನೆ. ಮೊದಲು ನಾನೇ ಬರೆದೆ. ಎಲ್ಲವೂ 3! ನಾಚಿಕೆಯಾಗಿ ಪೆನ್ನು ಹೆಂಡತಿಗೆ ಕೊಟ್ಟೆ. ಸರಾಸರಿ ಧಡಕ್ಕನೆ 1.6ಕ್ಕೆ ಬಿತ್ತು. ಎರಡು ಸೀಸನ್ ಆದ ಮೇಲೆ 2.3ರ ಹತ್ತಿರ ಬಂತು. ಅವಳ ಕೈಯಲ್ಲಿ 2.3 ಅಂದರೆ ಬೇರೆಯವರ ಕೈಯಲ್ಲಿ ಎರಡೂವರೆ, ಬರೆದಿಟ್ಟುಕೊಳ್ಳಿ.

2022ರಲ್ಲಿ ಪ್ರೈಮ್ ವಾಲಿಬಾಲ್ ಲೀಗ್ ಶುರುವಾಗುವಾಗ ನನಗೆ ಮೂವತ್ತು ದಾಟಿತ್ತು. ಆ ಆಸೆ ಇಟ್ಟುಕೊಳ್ಳಲಿಲ್ಲ. ಬೆಂಗಳೂರಿನ ಒಂದು ಕ್ಲಬ್ಬಿನ ಟ್ರಯಲ್ಸ್‌ಗೆ ಹೋದೆ. ಕೋಚ್ ನನ್ನ ಎತ್ತರ ನೋಡಿ ಮುಖ ತಿರುಗಿಸಿದರು. ನೋಟ್‌ಬುಕ್ ಕೊಟ್ಟೆ. ಹತ್ತು ನಿಮಿಷ ಓದಿದರು. ‘ಇದನ್ನು ಬರೆದದ್ದು ಯಾರು?’ ಅಂದರು. ಆಮೇಲೆ ಇಬ್ಬರು ಜಂಪ್ ಸರ್ವ್ ಹುಡುಗರನ್ನು ಕರೆದು ನಲವತ್ತು ಚೆಂಡು ಹಾಕಿಸಿದರು. ಬಿಟ್ಟದ್ದು ಎರಡೋ ಮೂರೋ.

ಸೀಸನ್ ಪೂರ್ತಿ ತಿಂಗಳಿಗೆ 18,000, ರೂಮು, ಊಟ. ದೊಡ್ಡ ದುಡ್ಡಲ್ಲ, ಆದರೆ ಆರು ತಿಂಗಳು ಬಸ್‌ಸ್ಟ್ಯಾಂಡಲ್ಲಿ ಬೆಳಗು ಮಾಡಬೇಕಾಗಿಲ್ಲ. ನಕ್ಕ ಗೆಳೆಯರಲ್ಲಿ ಇಬ್ಬರು ಈಗ ಟಾರ್ಪಾಲು ಕಟ್ಟಿದ್ದಾರೆ. ಹುಡುಗರು ಮಾತ್ರ ಏಸ್‌ಗೆ ಹತ್ತು ರೂಪಾಯಿ ಕೇಳುತ್ತಿದ್ದಾರಂತೆ.